ಪ್ರಾಕ್ಸಿ ಎಂಬ ಸವಿನಯ ಪ್ರಾರ್ಥನೆ

ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಮುಖ ಬಿಗಿದುಕೊಂಡು ಕೂತಿದ್ದೂ ಯಾರ ಮೇಲೂ ಅಧಿಕಾರವಿಲ್ಲದ ಪುಟ ಒಂದಿದ್ದರೆ ಅದು ಪ್ರಾಕ್ಸಿಯ ಪುಟ. ವಿಂಡೋಸ್‌ನಲ್ಲಿ ತೆರೆದು ನೋಡಿ: ಸರ್ವರ್ ವಿಳಾಸಕ್ಕೊಂದು ಖಾನೆ, ಪೋರ್ಟ್ ನಂಬರಿಗೊಂದು ಖಾನೆ, ಕೆಳಗೆ ‘ಸೇವ್’ ಬಟನ್. ಅದನ್ನು ಒತ್ತಿದವರು, ಇನ್ನು ಮೇಲೆ ತಮ್ಮ ಯಂತ್ರದಿಂದ ಹೊರಡುವುದೆಲ್ಲ ಪ್ರಾಕ್ಸಿ ಎಂಬ ಆ ಮಧ್ಯವರ್ತಿ ಸರ್ವರನ್ನು ದಾಟಿಯೇ ಹೋಗುತ್ತದೆಂದು ನಂಬಿ ಕಾಫಿಗೆ ಏಳುತ್ತಾರೆ. ಆಗುವುದು ಬೇರೆ. ಕ್ರೋಮ್ ಮತ್ತು ಎಡ್ಜ್ ಆ ಪುಟ ಓದಿ ತಲೆಬಾಗುತ್ತವೆ. ಫೈರ್‌ಫಾಕ್ಸ್ ತನ್ನದೇ ಒಂದು ಪ್ರಾಕ್ಸಿ ಪುಟ ಇಟ್ಟುಕೊಂಡು, ಮನೆಯ ಮಾತು ಕೇಳಲೋ ನನ್ನ ಮಾತು ಕೇಳಲೋ ಎಂದು ನಮ್ಮನ್ನೇ ಪ್ರಶ್ನಿಸುತ್ತದೆ. ಹಿನ್ನೆಲೆಯಲ್ಲಿ ಓಡುವ ಹಲವು ಸೇವೆಗಳು ವಿನ್‌ಎಚ್‌ಟಿಟಿಪಿ ಎಂಬ ಬೇರೆಯೇ ದಫ್ತರವನ್ನು ನೋಡುತ್ತವೆ. ಅವುಗಳಿಗೆ ಕಮಾಂಡ್ ಬರೆದು ಪ್ರತ್ಯೇಕವಾಗಿ ತಿಳಿಸಬೇಕು. ಆಟಗಳಂಥವು ಯಾವುದನ್ನೂ ಓದದೆ ನೇರವಾಗಿ ಸಾಕೆಟ್ ತೆರೆದು ಹೊರಟುಬಿಡುತ್ತವೆ. ಕೂಡುಕುಟುಂಬದ ಯಜಮಾನರು ಜಗಲಿಯಲ್ಲಿ ಕೂತು ‘ಇವತ್ತಿನಿಂದ ಎಲ್ಲರೂ ಹಿತ್ತಲ ಬಾಗಿಲಿಂದಲೇ ಓಡಾಡಿ’ ಎಂದು ಸಾರಿದ ಹಾಗೆ ಇದು: ಅಳಿಯ ಮರ್ಯಾದೆಗೆ ಒಪ್ಪುತ್ತಾನೆ, ಹಿರಿಮಗ ನೋಡೋಣ ಎನ್ನುತ್ತಾನೆ, ಮೊಮ್ಮಕ್ಕಳಿಗೆ ಕೇಳಿಸಿಯೇ ಇರುವುದಿಲ್ಲ.

ಯಾವ ಆ್ಯಪ್ ಯಾವ ದಾರಿಯಲ್ಲಿ ಹೋಗಬೇಕೆಂದು ಗೊತ್ತುಮಾಡುವ ಕೆಲಸ ಆಪರೇಟಿಂಗ್ ಸಿಸ್ಟಮ್‌ನದು, ಅದನ್ನು ಆ್ಯಪ್‌ಗಳ ಸೌಜನ್ಯಕ್ಕೆ ಬಿಡಬಾರದು ಎಂಬುದು ನನ್ನ ವಾದ. ಇದು ಕಂಪ್ಯೂಟರ್ ಪಂಡಿತರ ಹಠವೇನಲ್ಲ. ಬೆಂಗಳೂರಿನಲ್ಲಿ ಮನೆಯಿಂದ ಕೆಲಸ ಮಾಡುವವರ ಡೇಟಾಬೇಸ್ ತಂತ್ರಾಂಶ ಕಚೇರಿಯ ಪ್ರಾಕ್ಸಿ ಮೂಲಕ ಹೋಗಬೇಕು. ಅದೇ ಲ್ಯಾಪ್‌ಟಾಪಿನ ಹಾಡಿನ ಆ್ಯಪ್ ಹೋಗಬಾರದು, ಅವರ ಬೆಳಗಿನ ಸುಪ್ರಭಾತದ ಲೆಕ್ಕ ಕಚೇರಿಯ ಸರ್ವರಿಗೆ ಬೇಕಾಗಿಲ್ಲ. ದುಬೈನಲ್ಲಿರುವ ಕನ್ನಡಿಗನಿಗೆ, ವಿದೇಶದಿಂದ ತೆರೆಯದ ಭಾರತದ ಯಾವುದೋ ಸರ್ಕಾರಿ ಜಾಲತಾಣಕ್ಕಾಗಿ ಒಂದು ಬ್ರೌಸರ್ ಮಾತ್ರ ಮೈಸೂರಿನ ತನ್ನ ಮನೆಯ ಕಂಪ್ಯೂಟರನ್ನು ಹಾದು ಹೋದರೆ ಸಾಕು. ಎರಡೂ ಕಡೆ ಬೇಕಾದದ್ದು ಒಂದೇ: ಇದೊಂದು ಆ ಕಡೆ, ಉಳಿದದ್ದು ಈ ಕಡೆ. ಇಷ್ಟು ಸರಳ ಬೇಡಿಕೆ ಇಷ್ಟು ಕಷ್ಟವಾದದ್ದಕ್ಕೆ ಇತಿಹಾಸ ಕಾರಣ. ಸಾಕ್ಸ್ ಎಂಬ ಪ್ರಾಕ್ಸಿ ಪದ್ಧತಿಯನ್ನು ಕೋಬ್ಲಾಸ್ ಎಂಬ ಹೆಸರಿನ ಇಬ್ಬರು ಬರೆದ ಪ್ರಬಂಧ 1992ರಲ್ಲಿ ಲೋಕಕ್ಕೆ ಪರಿಚಯಿಸಿತು; ಅದರ ಐದನೆಯ ಆವೃತ್ತಿ 1996ರಲ್ಲಿ ಪ್ರಮಾಣಿತವಾಯಿತು. ಆ ಕಾಲದ ಯಂತ್ರದಲ್ಲಿ ನೆಟ್‌ವರ್ಕ್ ಮುಟ್ಟುವ ಪ್ರೋಗ್ರಾಮುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದೇ ಹೊತ್ತಿಗೆ ನೆಟ್‌ಸ್ಕೇಪ್ ತಂದ, ಯಾವ ಪ್ರಾಕ್ಸಿ ಎಂದು ತೀರ್ಮಾನಿಸುವ ಪಿಎಸಿ ಕಡತವೂ, ಹೋಗುತ್ತಿರುವ ವಿಳಾಸ ಯಾವುದು ಎಂದಷ್ಟೇ ಕೇಳುತ್ತದೆ. ಹೊರಟವರು ಯಾರು ಎಂದು ಇಂದಿಗೂ ಕೇಳುವುದಿಲ್ಲ.

‘ಆ್ಯಪ್‌ನೊಳಗೇ ಪ್ರಾಕ್ಸಿ ಸೆಟ್ಟಿಂಗ್ ಇರುತ್ತದಲ್ಲ, ಅಲ್ಲಿ ತುಂಬಿದರಾಯಿತು’ ಎನ್ನುವವರಿದ್ದಾರೆ. ಟೆಲಿಗ್ರಾಮ್‌ನಲ್ಲಿ ಇದೆ, ಫೈರ್‌ಫಾಕ್ಸ್‌ನಲ್ಲಿ ಇದೆ, ಇರುವ ಕಡೆ ಚೆನ್ನಾಗಿಯೇ ಇದೆ. ಆದರೆ ಪ್ರೋಗ್ರಾಮರ್ ಒಬ್ಬರ ಯಂತ್ರವನ್ನು ನೋಡಿ. ಗಿಟ್‌ಗೆ ಅದರ ಕಾನ್ಫಿಗ್ ಕಡತದಲ್ಲಿ ಒಮ್ಮೆ, ಎನ್‌ಪಿಎಂಗೆ ಅದರದರಲ್ಲಿ ಒಮ್ಮೆ, ಜಾವಾಗೆ ಕಮಾಂಡಿನ ಸಾಲಿನಲ್ಲಿ ಒಮ್ಮೆ, ಉಳಿದವುಗಳಿಗೆ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಒಮ್ಮೆ, ಹೀಗೆ ಒಂದೇ ವಿಳಾಸವನ್ನು ಹರಕೆ ಹೊತ್ತವರಂತೆ ಬರೆಯುತ್ತಾ ಹೋಗಬೇಕು. ಪ್ರಾಕ್ಸಿಗೆ ಪಾಸ್‌ವರ್ಡ್ ಇದ್ದರಂತೂ ಮುಗಿಯಿತು. ಪಾಸ್‌ವರ್ಡ್‌ನಲ್ಲಿ ವಿಶೇಷ ಚಿಹ್ನೆ ಇರಲೇಬೇಕೆಂದು ಕಚೇರಿ ಕಟ್ಟಪ್ಪಣೆ ಮಾಡುತ್ತದೆ. ವಿಶೇಷ ಚಿಹ್ನೆ ಇದ್ದರೆ ವಿಳಾಸ ಮುರಿದುಬೀಳುತ್ತದೆಂದು ವೇರಿಯಬಲ್ ಗೋಳಾಡುತ್ತದೆ. ಅಟ್ ಚಿಹ್ನೆಯ ಬದಲು ಪರ್ಸೆಂಟ್ ಹಾಕಿ 40 ಎಂದು ಬರೆದು ಇಬ್ಬರನ್ನೂ ಸಮಾಧಾನಪಡಿಸಬೇಕು. ಆ ವೇರಿಯಬಲ್‌ನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಬೇಕೋ ಸಣ್ಣಕ್ಷರದಲ್ಲೋ ಎಂಬುದೂ ಇತ್ಯರ್ಥವಾಗದ ವ್ಯಾಜ್ಯ. ಸಾದಾ ಎಚ್‌ಟಿಟಿಪಿಯ ವೇರಿಯಬಲ್ ದೊಡ್ಡಕ್ಷರದಲ್ಲಿದ್ದರೆ ಕರ್ಲ್ ಎಂಬ ಕಮಾಂಡ್ ಸಾಧನ ಅದನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ತಕ್ಕ ಕಾರಣವಿದೆ: ಸಿಜಿಐ ಪದ್ಧತಿಯ ವೆಬ್ ಸರ್ವರುಗಳಲ್ಲಿ, ಹೊರಗಿನವನು ಕಳಿಸಿದ ‘ಪ್ರಾಕ್ಸಿ’ ಎಂಬ ಹೆಡರ್ ಅದೇ ದೊಡ್ಡಕ್ಷರದ ಹೆಸರು ತೊಟ್ಟು ಒಳಗೆ ಬರುತ್ತದೆ. ಅಂದರೆ ನಮ್ಮ ಸರ್ವರ್ ಯಾವ ದಾರಿಯಲ್ಲಿ ಹೋಗಬೇಕೆಂದು ದಾರಿಹೋಕ ಹೇಳಬಹುದು. 2016ರಲ್ಲಿ ‘ಎಚ್‌ಟಿಟಿಪಾಕ್ಸಿ’ ಎಂಬ ಹೆಸರಿನಲ್ಲಿ ಈ ದೋಷ ಬಯಲಾದಾಗ ಅನೇಕ ಭಾಷೆಗಳ ಲೈಬ್ರರಿಗಳಿಗೆ ತೇಪೆ ಹಾಕಬೇಕಾಯಿತು. ದಾರಿಯ ಜವಾಬ್ದಾರಿಯನ್ನು ಆ್ಯಪ್‌ಗಳಿಗೆ ಹಂಚಿದರೆ ತಪ್ಪುಗಳೂ ಹಾಗೆಯೇ ಹಂಚಿಹೋಗುತ್ತವೆ.

ಕೇಳದ ಆ್ಯಪ್‌ಗಳ ಕಿವಿ ಹಿಂಡುವ ಸಾಧನಗಳೂ ಇವೆ ಎನ್ನಿ. ವಿಂಡೋಸ್ ಮತ್ತು ಮ್ಯಾಕ್‌ಗೆ ಪ್ರಾಕ್ಸಿಫೈಯರ್, ಲಿನಕ್ಸ್‌ಗೆ ಪ್ರಾಕ್ಸಿಚೈನ್ಸ್. ಎರಡನೆಯದರ ಉಪಾಯ ಸೊಗಸಾಗಿದೆ. ಪ್ರೋಗ್ರಾಮ್ ಶುರುವಾಗುವಾಗಲೇ ತನ್ನ ಲೈಬ್ರರಿಯನ್ನು ಮುಂದೆ ನುಗ್ಗಿಸಿ, ‘ಕನೆಕ್ಟ್’ ಎಂಬ ಕರೆ ಬಂದಾಗ ಸಿಸ್ಟಮ್‌ನ ಸಿ ಲೈಬ್ರರಿಯ ವೇಷದಲ್ಲಿ ತಾನೇ ಓಗೊಡುತ್ತದೆ. ಆದರೆ ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ಸಾಮಾನ್ಯವಾಗಿ ಆ ಲೈಬ್ರರಿಯ ಹಂಗಿಲ್ಲದೆ ನೇರ ಕರ್ನಲ್‌ ಜೊತೆ ವ್ಯವಹರಿಸುವುದರಿಂದ ವೇಷಧಾರಿ ಕಾದು ನಿಂತಲ್ಲೇ ನಿಂತಿರುತ್ತಾನೆ. ಯುಡಿಪಿಯಲ್ಲಿ ಸಾಗುವ ವಿಡಿಯೋ ಕರೆಗಳೂ ಅವನ ಕೈಗೆ ಸಿಗುವುದಿಲ್ಲ. ಇನ್ನು ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್‌ನ ತಮಾಷೆ ಬೇರೆ. ಆ್ಯಪ್‌ನ ಮಾತುಕತೆಯೆಲ್ಲ ಗುಟ್ಟಾಗಿ ಪ್ರಾಕ್ಸಿ ಮೂಲಕ ಹೋಗುತ್ತಿರುತ್ತದೆ, ಆದರೆ ಹೋಗಬೇಕಾದ ಮನೆ ಎಲ್ಲಿದೆ ಎಂಬ ವಿಚಾರಣೆಯನ್ನು ಮಾತ್ರ ಊರಿನ ಇಂಟರ್‌ನೆಟ್ ಕಂಪನಿಯ ಮುಂದೆಯೇ ಜೋರಾಗಿ ಮಾಡಿರುತ್ತದೆ. ಕರ್ಲ್‌ನಲ್ಲಿ ಇದನ್ನು ತಪ್ಪಿಸಲು ಸಾಕ್ಸ್ 5 ಎಂಬುದರ ಕೊನೆಗೆ ‘ಎಚ್’ ಎಂಬ ಒಂದಕ್ಷರ ಸೇರಿಸಬೇಕು. ಗುಟ್ಟು ಉಳಿಯುವುದೂ ರಟ್ಟಾಗುವುದೂ ಆ ಒಂದಕ್ಷರದ ಮೇಲೆ ನಿಂತಿದೆ. ಕನ್ನಡದ ಒತ್ತಕ್ಷರಕ್ಕೂ ಅಷ್ಟು ಜವಾಬ್ದಾರಿ ಯಾರೂ ಹೊರಿಸಿಲ್ಲ.

ಇಷ್ಟೆಲ್ಲ ರಗಳೆ ಯಾಕೆ, ವಿಪಿಎನ್ ಹಾಕಿಕೊಂಡರೆ ಎಲ್ಲವೂ ಒಂದೇ ದಾರಿಯಲ್ಲಿ ಹೋಗುತ್ತದಲ್ಲ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪಣೆ. ಹೋಗುತ್ತದೆ, ಅದೇ ತೊಂದರೆ. ಪಕ್ಕದ ಮೇಜಿನ ಮೇಲಿರುವ ಪ್ರಿಂಟರ್ ಕೆಲವೊಮ್ಮೆ ಕಾಣದಂತಾಗುತ್ತದೆ, ವಿಡಿಯೋ ಕರೆ ಸುತ್ತುದಾರಿ ಹಿಡಿದು ತೊದಲುತ್ತದೆ, ನಿನ್ನೆ ಬೆಂಗಳೂರಿನಲ್ಲಿದ್ದ ಗ್ರಾಹಕ ಇವತ್ತು ಜರ್ಮನಿಯಿಂದ ಬಂದದ್ದು ಕಂಡು ಬ್ಯಾಂಕಿನ ಜಾಲತಾಣ ಹುಬ್ಬೇರಿಸುತ್ತದೆ. ವಿಪಿಎನ್ ಮಾರುವವರೇ ‘ಸ್ಪ್ಲಿಟ್ ಟನೆಲಿಂಗ್’ ಎಂಬ ಸೌಲಭ್ಯ ಸೇರಿಸಿ, ಬೇಕಾದ ಆ್ಯಪ್ ಮಾತ್ರ ಒಳಗಿರಲಿ ಎನ್ನುತ್ತಿದ್ದಾರೆ. ಎಲ್ಲರಿಗೂ ಒಂದೇ ದಾರಿ ಸಾಲದೆಂದು ಅವರೇ ಒಪ್ಪಿದ ಹಾಗಾಯಿತು. ಇಲ್ಲಿ ಒಂದು ಮಾತನ್ನು ಮಾತ್ರ ಪ್ರತಿವಾದಿಗೆ ಬಿಟ್ಟುಕೊಡಬೇಕು. ಜೀವಭಯದಲ್ಲಿ ಸುದ್ದಿ ಕಳಿಸುವ ಪತ್ರಕರ್ತರಂಥವರಿಗೆ ಆ್ಯಪ್‌ಗೊಂದು ದಾರಿ ಎಂಬುದು ಅಪಾಯದ ಆಟ. ಪ್ರಾಕ್ಸಿಯಲ್ಲಿರುವ ಚಾಟ್ ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಅದು ನೇರದಾರಿಯ ಬ್ರೌಸರಿನಲ್ಲಿ ತೆರೆದುಕೊಂಡೀತು. ಆ್ಯಪ್‌ನ ಜೊತೆಗೇ ಬಂದ ಅಪ್‌ಡೇಟರ್ ತನ್ನ ಪಾಡಿಗೆ ಬೇರೆ ಬಾಗಿಲಲ್ಲಿ ಹೊರಟೀತು. ಅಂಥವರಿಗೆ ಟೇಲ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಂತೆ ಎಲ್ಲವನ್ನೂ ಟಾರ್ ಎಂಬ ಗುರುತು ಮರೆಸುವ ಜಾಲದ ಮೂಲಕವೇ ಕಳಿಸಿ, ಉಳಿದದ್ದನ್ನು ತಡೆಯುವ ವ್ಯವಸ್ಥೆಯೇ ಸರಿ. ನನ್ನ ವಾದ ಡೇಟಾಬೇಸ್ ಮತ್ತು ಸುಪ್ರಭಾತ ಎರಡನ್ನೂ ಒಟ್ಟಿಗೆ ಇಟ್ಟುಕೊಂಡವರ ಪರವಾಗಿದೆ.

ಸಾಮಾನ್ಯ ಬಳಕೆದಾರರಿಗೆ ಇದು ಅರ್ಥವಾಗದು ಎಂದು ಮೂಗು ಮುರಿಯುವವರು ತಮ್ಮ ಜೇಬಿಗೆ ಕೈಹಾಕಿ ನೋಡಲಿ. 2014ರ ಆಂಡ್ರಾಯ್ಡ್ 5.0ರಿಂದಲೇ, ಯಾವ ಆ್ಯಪ್‌ಗಳು ತನ್ನ ಮೂಲಕ ಹೋಗಬೇಕೆಂದು ವಿಪಿಎನ್ ಆ್ಯಪ್ ಆರಿಸಬಹುದು. ಅಂಥ ಪಟ್ಟಿ ಮುಂದಿಟ್ಟರೆ ಟಿಕ್ ಹಾಕಲು ಯಾರಿಗೂ ಸಾಕ್ಸ್ ಗೊತ್ತಿರಬೇಕಾಗಿಲ್ಲ. ಡೆಸ್ಕ್‌ಟಾಪಿಗೆ ಶಕ್ತಿ ಇಲ್ಲ ಎನ್ನುವಂತೆಯೂ ಇಲ್ಲ. ಯಾವ ಪ್ರೋಗ್ರಾಮ್ ನೆಟ್‌ವರ್ಕ್ ಮುಟ್ಟುತ್ತಿದೆ ಎಂದು ವಿಂಡೋಸ್‌ಗೆ ಚೆನ್ನಾಗಿಯೇ ಗೊತ್ತು: 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಅದರ ಫೈರ್‌ವಾಲ್, ಹೊರಗಿನ ಕರೆಗೆ ಕಿವಿಗೊಟ್ಟು ಕೂರುವ ಪ್ರೋಗ್ರಾಮನ್ನು ಹೆಸರು ಹಿಡಿದು ಹೇಳಿ, ಬಿಡಲೋ ಬೇಡವೋ ಎಂದು ಕೇಳುತ್ತಿದೆ. ಯಾವ ಕಡೆಯಿಂದ ಬಿಡಲಿ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವ ಮನಸ್ಸು ಮಾತ್ರ ಬಂದಿಲ್ಲ. ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ ಇನ್ನೂ ಮುಂದಿದೆ. ಅದರೊಳಗೆ ಕೂರಿಸಿದ ಪ್ರೋಗ್ರಾಮಿಗೆ ನಾವು ಕೊಟ್ಟ ನೆಟ್‌ವರ್ಕ್ ಬಿಟ್ಟು ಬೇರೆ ಲೋಕ ಇದೆಯೆಂದೇ ತಿಳಿಯುವುದಿಲ್ಲ, ಅದು ಗೋ ಭಾಷೆಯದಾಗಲಿ, ಇನ್ನಾವುದರದೇ ಆಗಲಿ. ಟರ್ಮಿನಲ್‌ನಲ್ಲಿ ನಾಲ್ಕಾರು ಸಾಲು ಬರೆಯಬಲ್ಲವರಿಗೆ ಈ ಭಾಗ್ಯವಿದೆ, ಉಳಿದವರಿಗೆ ಸೆಟ್ಟಿಂಗ್ಸ್‌ನ ಆ ಗಂಭೀರ ಪುಟವೇ ಗತಿ.

ಆಪರೇಟಿಂಗ್ ಸಿಸ್ಟಮ್ ಆ ಎರಡನೆಯ ಪ್ರಶ್ನೆ ಕೇಳುವವರೆಗೆ ‘ಸೇವ್’ ಒತ್ತಿದ್ದೇನೆಂದು ನಂಬಿ ಕೂರಬೇಡಿ. ಆ್ಯಪ್ ಓಡುತ್ತಿರುವಾಗಲೇ ಪ್ರಾಕ್ಸಿ ವಿಳಾಸವನ್ನು ಬೇಕೆಂದೇ ತಪ್ಪಾಗಿ ಬರೆದು, ಆ್ಯಪನ್ನು ಮುಚ್ಚಿ ಮತ್ತೆ ತೆರೆಯಿರಿ. ಆಗಲೂ ಅದು ಸಲೀಸಾಗಿ ಕೆಲಸ ಮಾಡುತ್ತಿದ್ದರೆ, ಇಷ್ಟು ದಿನವೂ ಅದು ನೀವು ಹೇಳಿದ ದಾರಿಯಲ್ಲೇ ಹೋಗುತ್ತಿತ್ತೆಂದು ನಂಬುವಂತಿಲ್ಲ.