ದ್ಯಾವೇಗೌಡ ನಾಮೋಚ್ಚಾರ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

1. ವ್ಯಾಪ್ತಿ ಮತ್ತು ಮಿತಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ಚತುಷ್ಕೋನದ ವ್ಯಕ್ತಿನಾಮಗಳನ್ನು ಧ್ವನಿಮಾತ್ಮಕ, ಲಿಪಿಮಾತ್ಮಕ ಹಾಗೂ ತಾಲ್ಲೂಕುಕಚೇರ್ಯಾತ್ಮಕ ನೆಲೆಗಳಲ್ಲಿ ಮರು-ಓದಿಗೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ‘ನೆಲೆಗಳಲ್ಲಿ’ ಎಂಬ ಪದವಿಲ್ಲದ ಪ್ರಬಂಧವನ್ನು ವಿಚಾರಸಂಕಿರಣಗಳಲ್ಲಿ ಯಾರೂ ಒಪ್ಪುವುದಿಲ್ಲ. ಆ ನೆಲೆಯಲ್ಲಿ ನಮ್ಮ ಕೆಲಸ ಆಗಲೇ ಅರ್ಧ ಮುಗಿದಿದೆ.

2. ವರ್ಗೀಕರಣ

ಸದರಿ ನಾಮಗಳು ಹಲವು ಅವಸ್ಥೆಗಳಲ್ಲಿ ದೊರೆಯುತ್ತವೆ.

(ಅ) ಗ್ರಾಮ್ಯಾವಸ್ಥೆ: ದ್ಯಾವೇಗೌಡ. ಪೇಟೆಯನ್ನು ಪ್ಯಾಟೆ ಎನ್ನುವ ಬಾಯಿ ದೇವರನ್ನು ದ್ಯಾವ್ರು ಎನ್ನದೆ ಇನ್ನೇನು ಅಂದೀತು? ಇದಕ್ಕೆ ‘ಆದ್ಯಕ್ಷರಗತ ಸ್ವರವಿವೃತೀಕರಣ’ ಎಂದು ನಾಮಕರಣ ಮಾಡಿದ್ದೇವೆ. ಆ ಪದ ಹಿಡಿದು ಕೂಗಿದರೆ ಊರಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

(ಆ) ಶಾಲಾವಸ್ಥೆ: ದೇವೇಗೌಡ. ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ತಿದ್ದಿದ್ದು.

(ಇ) ದೆಹಲ್ಯವಸ್ಥೆ: 1996ರ ಜೂನ್‌ನಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾದರು. ಹಿಂದಿಯವರು ನಡುವಿನ ಏಕಾರ ನುಂಗಿ, ಕೊನೆಯ ಅಕಾರ ಎಳೆದು ‘ದೇವ್‌ಗೌಡಾ’ ಮಾಡಿದರು. ಹಿಂದಿಯಲ್ಲಿ ಪದದ ಕೊನೆಯ ಅಕಾರ ಉಚ್ಚಾರವಾಗುವುದಿಲ್ಲ. ದೀರ್ಘ ಕೊಡದಿದ್ದರೆ ಗೌಡರು ಬರೀ ‘ಗೌಡ್’ ಆಗುತ್ತಿದ್ದರು. ಇಂಗ್ಲಿಷಿನವರು ಹೆಸರನ್ನೇ ಎರಡಾಗಿ ಸೀಳಿದರು. ಬೆಂಗಳೂರಿನ ವಿಮಾನ ನಿಲ್ದಾಣದ ಮೇಲೆ ಕೆಂಪೇಗೌಡರು ಇಡಿಯಾಗಿ ಇರುವಾಗ ದೇವೇಗೌಡರು ಇಬ್ಭಾಗವಾದದ್ದೇಕೆ ಎಂಬುದು ಒಂದು ಪಿಎಚ್‌ಡಿಗೆ ಸಾಕಾಗುವ ಸಾಮಗ್ರಿ.

(ಈ) ವೈಕಾರಾವಸ್ಥೆ: ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಇಂಗ್ಲಿಷಿನಲ್ಲಿ ಬಿ-ಎಚ್-ವೈ. ಐಕಾರಕ್ಕೆ ಎ-ಐ ಬರೆಯಬೇಕೆಂದು ವಾದಿಸುವವರಿದ್ದಾರೆ. ಊರ ಕಡೆ ಮಹಾಪ್ರಾಣದ ಗೊಡವೆಯೂ ಇಲ್ಲ, ಬೈರಪ್ಪ ಅಷ್ಟೆ.

(ಉ) ಮೊದಲ್ಗೊಂಡು (ಅಃ) ವರೆಗಿನ ವರ್ಗಗಳನ್ನು ಕೈಬಿಟ್ಟಿದ್ದೇನೆ. ನನಗೇ ಸಾಕಾಯಿತು.

3. ಶಾಸನಾಧಾರ

ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ, ಆ ಮೂರ್ತಿ ಮಾಡಿಸಿದವನ ಹೆಸರನ್ನು ಕನ್ನಡ, ತಮಿಳು, ಮರಾಠಿಗಳಲ್ಲಿ ಕೆತ್ತಿದೆ. ಕಲ್ಲಿನ ಕನ್ನಡದಲ್ಲಿ ಚಾವುಣ್ಡರಾಜ, ಪುಸ್ತಕಗಳಲ್ಲಿ ಒಮ್ಮೆ ಚಾವುಂಡರಾಯ, ಒಮ್ಮೆ ಚಾಮುಂಡರಾಯ. ಸಾವಿರ ವರ್ಷ ದಾಟಿದರೂ ಈ ಮೂವರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಕೇಳಿದವರಿಲ್ಲ.

ರೈತ ಹೆಂಗಸು ದ್ಯಾವಮ್ಮನನ್ನು ಮಾತ್ರ ಕೇಳುತ್ತಾರೆ. ಪಹಣಿಯಲ್ಲಿ ಆಕೆ ‘ದ್ಯಾವಮ್ಮ ಕೋಂ ಲೇಟ್ ಕಾಳೇಗೌಡ’. ಆಧಾರ್‌ನಲ್ಲಿ ದೇವಮ್ಮ. ಪಾಸ್‌ಬುಕ್ಕಿನ ಇಂಗ್ಲಿಷಿನಲ್ಲಿ ಒಂದು ಎಂ ಬಿದ್ದುಹೋಗಿ ‘ದೇವಮ’. ವರ್ಷಕ್ಕೆ 6000 ರೂಪಾಯಿಯ ಕಿಸಾನ್ ಸಮ್ಮಾನ್, ಮೂರು ಕಂತು. ಹೆಸರು ತಾಳೆಯಾಗದಿದ್ದರೆ ಒಂದು ಕಂತೂ ಇಲ್ಲ. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ಬಿಚ್ಚಿಡುತ್ತಾ ‘ನಾನೇ ಕಣಪ್ಪಾ ಅದು’ ಅನ್ನುತ್ತಾಳೆ ಆಕೆ. ಕೌಂಟರಿನಲ್ಲಿ ಕೂತವನು ಮುಖ ನೋಡುವುದಿಲ್ಲ, ಪರದೆ ನೋಡುತ್ತಾನೆ. ನೋಟರಿಯ ಮೇಜಿಗೆ ಹೋಗಿ ದುಡ್ಡು ತೆತ್ತು ‘ದ್ಯಾವಮ್ಮ ಉರುಫ್ ದೇವಮ್ಮ’ ಆಗಿ ಬರಬೇಕು. ಕಳ್ಳರಿಗೆ, ರೌಡಿಗಳಿಗೆ ಹಚ್ಚುತ್ತಿದ್ದ ಉರುಫನ್ನು ಗದ್ದೆ ನೆಟ್ಟವಳಿಗೆ ಹಚ್ಚುತ್ತಾರಲ್ಲ, ಯಾರ ಮನೆ ಹಾಳು ಮಾಡಿದ್ದಳು ಇವಳು? ಅವ್ವ ಇಟ್ಟ ಹೆಸರನ್ನು ಅವಳು ಸರಿಯಾಗಿಯೇ ಹೇಳಿದ್ದಳು. ತಪ್ಪು ಬರೆದುಕೊಂಡವರು ಮೇಜಿನ ಆಚೆಗಿದ್ದವರು. ದಂಡ ಕಟ್ಟುವವಳು ಅವಳು.

4. ಫಲಿತ

ಸೈದ್ಧಾಂತಿಕ ಚೌಕಟ್ಟು ಇಲ್ಲಿಗೆ ಮುರಿದುಬಿದ್ದಿರುವುದರಿಂದ ನೇರವಾಗಿ ಹೇಳುತ್ತೇನೆ. ಕೌಂಟರಿನಲ್ಲಿ ಕೂತ ಮಹನೀಯರೇ, ಹೆಸರು ಟೈಪ್ ಮಾಡುವ ಮೊದಲು ಎದುರಿಗಿರುವವರ ಬಾಯಿಂದ ಒಂದು ಸಲ ಕೇಳಿಸಿಕೊಳ್ಳಿ. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಅವರು ಹೂಂ ಅಂದಮೇಲೆ ಒತ್ತಿ. ತಪ್ಪು ನಿಮ್ಮದಾದರೆ ತಿದ್ದುವ ಖರ್ಚೂ ನಿಮ್ಮದೇ ಇರಲಿ.