ಉಣ್ಣಿಸಿ ಹೊಡೆಯುವ ಕಲೆ

ಅಮೆರಿಕದ ಟೆಕ್ಸಾಸಿನಲ್ಲಿ ಬೇಟೆಗಾರ ಜಿಂಕೆಗೆ ಗುಂಡು ಹೊಡೆಯುವ ಮೊದಲು ಅದಕ್ಕೆ ಊಟ ಹಾಕುತ್ತಾನೆ. ಮೂರು ಕಾಲಿನ ಸ್ಟ್ಯಾಂಡು, ಮೇಲೊಂದು ಡ್ರಮ್ಮು, ಡ್ರಮ್ಮಿನ ತುಂಬ ಮೆಕ್ಕೆಜೋಳ, ಅಡಿಯಲ್ಲಿ ಬ್ಯಾಟರಿ ಟೈಮರು. ಬೆಳಗಿನ ಜಾವಕ್ಕೊಮ್ಮೆ, ಮುಸ್ಸಂಜೆಗೊಮ್ಮೆ ಚಕ್ರ ಗಿರ್ರನೆ ತಿರುಗಿ ಸುತ್ತಲೂ ಕಾಳು ಚೆಲ್ಲುತ್ತದೆ. ಕೆಲವು ದಿನ ಕಳೆದರೆ ಆ ಸದ್ದು ಕೇಳಿದರೇ ಸಾಕು, ಜಿಂಕೆಗಳು ಹಾಜರು. ಅಷ್ಟು ದೂರದಲ್ಲಿ ಡಬ್ಬದಂಥ ಗೂಡಿನಲ್ಲಿ ಕೂತು ಕಾಫಿ ಹೀರುತ್ತಿದ್ದ ಮಹಾಶಯ, ಕರೆದ ನೆಂಟ ಕತ್ತು ಬಗ್ಗಿಸಿ ಕಾಳು ಹೆಕ್ಕುವಾಗ ಬಂದೂಕಿನ ಕುದುರೆ ಎಳೆಯುತ್ತಾನೆ. ಇದನ್ನು ಅಲ್ಲಿ ಕ್ರೀಡೆ ಎನ್ನುತ್ತಾರೆ. ಹಾಗಿದ್ದರೆ ಛತ್ರದಲ್ಲಿ ಎಲೆ ಮುಂದೆ ಕೂತವರ ಚಪ್ಪಲಿ ಹಾರಿಸುವುದೂ ಕ್ರೀಡೆಯೇ.

ಎಲ್ಲ ಜಿಂಕೆಗಳೂ ಒಂದೇ ಕಡೆ ಮೂತಿ ಇಟ್ಟು ತಿಂದರೆ, ಮದ್ದೇ ಇಲ್ಲದ ಒಂದು ಮೆದುಳುರೋಗ ಬೇಗ ಹಬ್ಬುತ್ತದೆಂಬ ಭಯ ಅವರಿಗೂ ಈಗ ಹುಟ್ಟಿದೆ. ಮಿಶಿಗನ್ ರಾಜ್ಯದ ದಕ್ಷಿಣ ಭಾಗದಲ್ಲಿ 2019ರಲ್ಲಿ ಈ ಕಾಳು ಸೇವೆಯನ್ನು ನಿಷೇಧಿಸಿದರು. ನಮ್ಮ ದೇಶ ಅವರಿಗಿಂತ ಎಷ್ಟೋ ಮುಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೇನು ಎಂದು ಹೇಳುವಾಗ ಕೊಲ್ಲುವುದನ್ನಷ್ಟೇ ಹೇಳಿ ಸುಮ್ಮನಾಗಿಲ್ಲ. ಉರುಳು ಹಾಕುವುದು, ಅಟ್ಟಾಡಿಸುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನವೂ ಬೇಟೆಯೇ ಎಂದಿದೆ. ನಮ್ಮ ಬಯಲುಸೀಮೆಯ ಜಿಂಕೆಯಾದ ಕೃಷ್ಣಮೃಗ ಅತಿ ಹೆಚ್ಚು ರಕ್ಷಣೆಯ ಮೊದಲನೇ ಶೆಡ್ಯೂಲಿನ ಪ್ರಾಣಿ. ಅದಕ್ಕೆ ಕೈ ಹಾಕಿದರೆ 3ರಿಂದ 7 ವರ್ಷ ಜೈಲು. ಹೀಗಾಗಿ ಟೆಕ್ಸಾಸಿನ ಆ ಡ್ರಮ್ಮನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ತಂದು ನಿಲ್ಲಿಸಿದರೆ, ಗುಂಡು ಹಾರುವ ಮೊದಲೇ ಅಪರಾಧ ನಡೆದು ಹೋಗಿರುತ್ತದೆ.

ಆದರೆ ಚಳ್ಳಕೆರೆಗೆ ಡ್ರಮ್ಮು ಯಾಕೆ? ಇಡೀ ತಾಲ್ಲೂಕನ್ನೇ ಫೀಡರ್ ಮಾಡಿಟ್ಟಿದ್ದೇವಲ್ಲ!

ಅದರ ನಿರ್ಮಾಣದ ವಿಧಾನ ಹೀಗಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟಿಪ್ಪು ಆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟ. ಆ ದನಗಳ ಮೇವಿಗೆಂದು ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು, ಚಳ್ಳಕೆರೆಯವೂ ಅಂಥವೇ. ರಾಜರು ಹೋದರು, ಬ್ರಿಟಿಷರು ಹೋದರು, ಕಾವಲು ಉಳಿಯಿತು. ದೇವರ ಎತ್ತು, ಊರ ಕುರಿ, ಕೃಷ್ಣಮೃಗ ಎಲ್ಲ ಅಲ್ಲೇ ಮೇಯುತ್ತಿದ್ದವು. ದೊಡ್ಡ ಉಳ್ಳಾರ್ತಿಯಂಥ ಊರುಗಳಲ್ಲಿ ಅದೇ ಕುರಿಯ ಉಣ್ಣೆ ಕಂಬಳಿಯಾಗುತ್ತಿತ್ತು. 2009ರ ಹೊತ್ತಿಗೆ ಸರ್ಕಾರದ ಕಣ್ಣಿಗೆ ಇದು ‘ಖಾಲಿ ಜಾಗ’ವಾಗಿ ಕಂಡಿತು. ಹುಲ್ಲು ಪಹಣಿಯ ಬೆಳೆ ಕಾಲಂನಲ್ಲಿ ಬರುವುದಿಲ್ಲ. ಜಿಂಕೆಗೆ ಮತದಾರರ ಚೀಟಿ ಇಲ್ಲ. ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,290 ಎಕರೆ, ಬೆಂಗಳೂರಿನ ಐಐಎಸ್‌ಸಿಗೆ 1,500 ಎಕರೆ, ಇನ್ನಷ್ಟು ಅಣು ಮತ್ತು ಬಾಹ್ಯಾಕಾಶ ಇಲಾಖೆಗಳವರಿಗೆ. ಜನ ಕೇಳುವಷ್ಟರಲ್ಲಿ ಕಾಂಪೌಂಡ್ ಎದ್ದಿತ್ತು. ಹಸಿರು ನ್ಯಾಯಮಂಡಳಿ 2013ರಲ್ಲಿ ತಡೆ ಎಂದಿತು, 2014ರಲ್ಲಿ ಷರತ್ತು ಹಾಕಿ ದಾರಿ ಬಿಟ್ಟಿತು.

ಗೋಡೆ ಎದ್ದ ಮೇಲೆ ಜಿಂಕೆ ಏನು ಮಾಡಬೇಕು? ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು ಇದು. ಇಲ್ಲಿ ಹಸಿರಾಗಿ ಕಾಣುವುದು ಹೆಚ್ಚಾಗಿ ಮುಂಗಾರಿನಲ್ಲಿ ಬಿತ್ತಿದ ಶೇಂಗಾವೇ. ಎಣ್ಣೆ ನಗರಿ ಎನಿಸಿಕೊಂಡ ಚಳ್ಳಕೆರೆಯ ಗಾಣಗಳಿಗೆ ಹೋಗಬೇಕಾದ ಶೇಂಗಾ ಎರಡೆಲೆ ಬಿಡುವಾಗಲೇ ಕುಡಿ ಚಿವುಟಿಸಿಕೊಳ್ಳುತ್ತದೆ. ರೈತ ಹೊಲದ ಸುತ್ತ ಗೂಟ ನೆಟ್ಟು ಹೆಂಡತಿಯ, ತಾಯಿಯ, ಅಕ್ಕಪಕ್ಕದವರ ಹಳೇ ಸೀರೆ ಕಟ್ಟುತ್ತಾನೆ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನ ಸೆರಗಿನಲ್ಲೇ ಇದ್ದರೂ ಅವನ ಪಾಲಿಗೆ ಬರುವುದು ಬಣ್ಣ ಹೋದ ನೈಲಾನ್. ಮೊದಲ ವಾರ ಜಿಂಕೆ ಬೆದರುತ್ತದೆ, ಎರಡನೇ ವಾರ ಸೀರೆಯ ಕೆಳಗೆ ನುಸುಳುತ್ತದೆ. ಅರಣ್ಯ ಇಲಾಖೆಗೆ ದೂರು ಕೊಡಲು ಹೋದವನಿಗೆ ಸಿಗುವ ಉತ್ತರ ನೀವೇ ಊಹಿಸಿಕೊಳ್ಳಬಹುದು.

“ಅದರ ಮೈ ಮುಟ್ಟೀಯ, ಹುಷಾರು. ಅದು ಶೆಡ್ಯೂಲ್ ಒಂದು.”

“ಆಗ್ಲಿ ಸೋಮಿ. ನಂದು ಎಷ್ಟನೇ ಶೆಡ್ಯೂಲು?”

ಅವನನ್ನು ಯಾವ ಶೆಡ್ಯೂಲಿನಲ್ಲೂ ಸೇರಿಸಿಲ್ಲ. ಹೀಗಾಗಿ ಬೀಜ ಅವನದು, ಗೊಬ್ಬರ ಅವನದು, ಸಾಲ ಅವನದು. ಸಾಲದ ದುಡ್ಡಿನಲ್ಲಿ ಆಮಿಷ ಹಾಕುವ ಬೇಟೆ ವ್ಯವಸ್ಥೆ ಟೆಕ್ಸಾಸಿನಲ್ಲೂ ಇರಲಾರದು. ರಾತ್ರಿ ಪೇಟೆ ಕಡೆಯಿಂದ ಜೀಪಿನಲ್ಲಿ ಬರುವವನಿಗೆ ಕಾಳಿನ ಖರ್ಚೂ ಇಲ್ಲ. ಮೇಯುತ್ತಿರುವ ಹಿಂಡಿನ ಕಣ್ಣಿಗೆ ಸರ್ಚ್‌ಲೈಟ್ ಬಿಟ್ಟರೆ ಅವು ಇದ್ದಲ್ಲೇ ನಿಲ್ಲುತ್ತವೆ. ಬಂದೂಕಿಲ್ಲದವನು ಬೇಲಿಯ ಕಿಂಡಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ಕಟ್ಟಿ ಮನೆಗೆ ಹೋಗಿ ಮಲಗುತ್ತಾನೆ. ಗುಂಡಿನ ಸದ್ದು ಕೇಳಿದ ರೈತ ಮಗ್ಗುಲು ಬದಲಿಸುತ್ತಾನೆ. ಎದ್ದು ಹೋಗಿ ತಡೆಯಬೇಕೆಂದು ಉಪದೇಶ ಮಾಡುವವರಿಗೆ ಶೇಂಗಾ ಬೆಳೆ ಇರುವುದಿಲ್ಲ.

ಅಂದ ಹಾಗೆ, ಇಲ್ಲಿ ರೈತನ ಜಮೀನಿಗೆ ನುಗ್ಗುವುದು ಜಿಂಕೆಯೊಂದೇ ಅಲ್ಲ. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟಕ್ಕೆ ಡಿಆರ್‌ಡಿಒ ಡ್ರೋನೊಂದು ಬಂದು ಬಿತ್ತು. ಅದು ಹಳೇ ಸೀರೆಗೆ ಹೆದರುವ ಜಾತಿಯದಲ್ಲ.

ಈಗ ಅಸಲಿ ಫೀಡರಿನ ವಿಚಾರ. ಅದರಿಂದ ಉದುರಿದ್ದು ಮೆಕ್ಕೆಜೋಳವಲ್ಲ, ಈ ಸಂಸ್ಥೆಗಳಿಂದ ಚಳ್ಳಕೆರೆ ‘ವಿಜ್ಞಾನ ನಗರಿ’ಯಾಗುತ್ತದೆಂಬ ಭರವಸೆ. ಮನೆಗೊಂದು ನೌಕರಿ, ಊರಿಗೊಂದು ಶಾಲೆ, ತಾಲ್ಲೂಕಿಗೊಂದು ಭವಿಷ್ಯ. ಟೈಮರು ಚುನಾವಣೆಗೊಮ್ಮೆ ತಪ್ಪದೆ ತಿರುಗುತ್ತದೆ. ಜನ ಕತ್ತು ಬಗ್ಗಿಸಿ ಹೆಕ್ಕುತ್ತಿದ್ದಾಗ ಕಾವಲು ಕೈಬಿಟ್ಟಿತು. ಕುರಿ ಕಾಯುವವನಿಗೆ ವಿಜ್ಞಾನದ ಮೇಲೇನೂ ಹಗೆಯಿಲ್ಲ. ರಾಕೆಟ್ ಹಾರಲಿ ಎಂದೇ ಅವನೂ ಹೇಳುತ್ತಾನೆ. ಅದು ಹಾರುವ ಮುಂಚೆ ತನ್ನನ್ನೊಂದು ಮಾತು ಕೇಳಬಾರದಿತ್ತೇ ಎಂಬುದಷ್ಟೇ ಅವನ ತಕರಾರು.

ಆಮಿಷದ ವಿಚಾರದಲ್ಲಿ ಈ ಸೀಮೆಗೆ ಪುರಾಣದ ಅನುಭವವೇ ಇದೆ. ರಾಮಾಯಣದ ಹೊನ್ನಜಿಂಕೆ ಬೇಟೆಯ ಪ್ರಾಣಿಯಾಗಿರಲಿಲ್ಲ, ಬೇಟೆಗಾರನಿಗೇ ಒಡ್ಡಿದ ಆಮಿಷವಾಗಿತ್ತು. ರಾಮನಂಥ ರಾಮನೇ ಹಿಂದೆ ಓಡಿದ. ರೆಕ್ಕೆ ಕಳಕೊಂಡದ್ದು ಜಟಾಯು. ಆ ಜಟಾಯು ಬಿದ್ದದ್ದು ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗರಾಮೇಶ್ವರ ಬೆಟ್ಟದಲ್ಲೇ ಎಂದು ಇಲ್ಲಿಯವರು ನಂಬುತ್ತಾರೆ. ಪಕ್ಕದ ತಾಲ್ಲೂಕಿನ ಕಾವಲಿನಲ್ಲಿ 2024ರಲ್ಲಿ ಇಸ್ರೋದ ರೆಕ್ಕೆಯ ನೌಕೆ ‘ಪುಷ್ಪಕ’ವೂ ಬಂದಿಳಿಯಿತು. ಜಿಂಕೆ ಇದೆ, ಜಟಾಯು ಇದೆ, ಪುಷ್ಪಕ ಇದೆ. ಸೇತುವೆ ಕಟ್ಟುವ ಗುತ್ತಿಗೆ ಯಾರಿಗಾಯಿತು ಎಂಬುದೊಂದೇ ಬಾಕಿ.

ಪ್ರಾಣಿಗಳ ಮೇಲೆ ಕರುಣೆ ಇರಬೇಕೆಂದು ಗೊತ್ತಿರಲಿಲ್ಲ ಎಂದು ಸರ್ಕಾರ ಹೇಳುವಂತಿಲ್ಲ. ಅದೇ ಮೊಳಕಾಲ್ಮೂರಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಜೀವಿಗಳ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಬಂಡೆಯ ಮೇಲೆ ಹೊರಡಿಸಿದ ಆ ಸುತ್ತೋಲೆ 2,200 ವರ್ಷದಿಂದ ಜಾರಿಗೆ ಕಾಯುತ್ತಿದೆ. ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕ ಇನ್ನೂ ಪ್ರಾಮಾಣಿಕ: ತನ್ನ ಅಡುಗೆಮನೆಗೆ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಈಗಲೂ ಬೀಳುತ್ತಿವೆ, ಜಿಂಕೆ ದಿನವೂ ಇಲ್ಲ, ಮುಂದೆ ಇವೂ ನಿಲ್ಲುತ್ತವೆ ಎಂದು ಲೆಕ್ಕ ಒಪ್ಪಿಸಿದ್ದಾನೆ. ಚಕ್ರವರ್ತಿಯೊಬ್ಬ ಸಾರಿನ ಲೆಕ್ಕ ಕೊಟ್ಟ. ನಮ್ಮವರು ಎಂಟು ಸಾವಿರಕ್ಕೂ ಮಿಕ್ಕಿದ ಎಕರೆಯ ಲೆಕ್ಕ ಕೇಳಿದರೆ ‘ಆಯಕಟ್ಟಿನ ಯೋಜನೆ’ ಎನ್ನುತ್ತಾರೆ.

ಕಾಯ್ದೆಯ ಪ್ರಕಾರ ಆಮಿಷ ಒಡ್ಡುವವನೂ ಬೇಟೆಗಾರನೇ. ಹುಲ್ಲು ಕಿತ್ತುಕೊಂಡು ಜಿಂಕೆಯನ್ನು ಶೇಂಗಾ ಹೊಲಕ್ಕೆ ಅಟ್ಟಿದವರು ಆ ಮಾತನ್ನು ಇನ್ನೊಮ್ಮೆ ಓದಿಕೊಳ್ಳಲಿ. ಕ್ಲಚ್ ವೈರು ಕಟ್ಟುವವನನ್ನು ಖಂಡಿತ ಒಳಗೆ ಹಾಕಿ. ಜೊತೆಗೆ ಇನ್ನೆರಡು ಕೆಲಸ ಮಾಡಿ: ಉಳಿದಿರುವ ಕಾವಲನ್ನು ದಾಖಲೆಯಲ್ಲೂ ನೆಲದ ಮೇಲೂ ಹುಲ್ಲುಗಾವಲಾಗಿಯೇ ಬಿಡಿ, ಜಿಂಕೆ ತಿಂದ ಬೆಳೆಗೆ ಅದೇ ಹಂಗಾಮಿನಲ್ಲಿ ಪರಿಹಾರ ಕೊಡಿ. ಇವೆರಡಕ್ಕೂ ಹೊಸ ಕಾನೂನು ಬೇಕಿಲ್ಲ, ಕಾಂಪೌಂಡಂತೂ ಬೇಡವೇ ಬೇಡ.