ಆವಾಹನೆಯಿಂದ ವಿಸರ್ಜನೆಯವರೆಗೆ: ಗುತ್ತಿಗೆ ನೌಕರ ನಿರ್ವಹಣಾಶಾಸ್ತ್ರಕ್ಕೊಂದು ಪ್ರವೇಶಿಕೆ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ಗಾಜಿನ ಕಟ್ಟಡ ಹೊಂದಿರುವ ಯಾವುದೇ ಕಂಪನಿಯ ಆವರಣದಲ್ಲಿ ಕಾಣಸಿಗುವ ಮನುಷ್ಯರನ್ನು ನಿರ್ವಹಣಾಶಾಸ್ತ್ರಜ್ಞರು ಎರಡಾಗಿ ವಿಂಗಡಿಸುತ್ತಾರೆ: ಕಂಪನಿಯೇ ಸಂಬಳ ಕೊಡುವ ‘ಸ್ವಕೀಯರು’, ಮತ್ತು ಕಂಪನಿ ವೆಂಡರ್‌ಗೆ ಕೊಟ್ಟದ್ದರಲ್ಲಿ ಅವನು ತನ್ನ ಪಾಲು ಮುರಿದುಕೊಂಡು ಉಳಿಸಿದ್ದನ್ನು ಸಂಬಳವೆಂದು ಪಡೆಯುವ ‘ಪರಕೀಯರು’. ನೆಲ ಒರೆಸುವವರು, ಗೇಟು ಕಾಯುವವರು, ಕ್ಯಾಂಟೀನಿನ ತಟ್ಟೆ ತೊಳೆಯುವವರು ಎರಡನೆಯ ವರ್ಗದವರು. ಇವರನ್ನು ಒಳಗೆ ಬಿಟ್ಟುಕೊಳ್ಳುವ, ಹದ್ದಿನಲ್ಲಿಡುವ ಮತ್ತು ಹೊರಗೆ ಕಳಿಸುವ ವಿದ್ಯೆಗೆ ‘ಬಾಹ್ಯಸಂಪನ್ಮೂಲ ಜೀವನಚಕ್ರ ನಿರ್ವಹಣೆ’ ಎಂದು ಹೆಸರು. ದೇವರ ಪೂಜೆಗಿರುವಂತೆ ಇದಕ್ಕೂ ಹದಿನಾರು ಉಪಚಾರಗಳುಂಟು.

ಮೊದಲನೆಯದಾದ ಆವಾಹನೆಯಲ್ಲಿ ‘ಏಕವ್ಯಕ್ತಿತಾ ನಿಶ್ಚಯ’, ಎಂದರೆ ಆಧಾರ್, ಪಾಸ್‌ಬುಕ್, ಪೊಲೀಸ್ ವೆರಿಫಿಕೇಶನ್ ಮತ್ತು ಪಿಎಫ್ ಖಾತೆಗಳಲ್ಲಿರುವವರೆಲ್ಲ ಒಬ್ಬರೇ ಎಂದು ಸ್ಥಾಪಿಸುವ ಕ್ರಿಯೆ, ನಡೆಯುತ್ತದೆ. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮಿ ಎಂದಿದ್ದರೆ, ಎದುರಿಗೇ ನಿಂತಿರುವ ಹೆಂಗಸು ತಾತ್ವಿಕವಾಗಿ ಅಸ್ತಿತ್ವದಲ್ಲಿಲ್ಲ. ಅಸ್ತಿತ್ವ ಸಿದ್ಧಿಸಿದವರಿಗೆ ಇಂಗ್ಲಿಷಿನ ಸುರಕ್ಷತಾ ವಿಡಿಯೋ ತೋರಿಸಿ, ಅರ್ಥವಾಯಿತೆಂದು ಸಹಿ ಹಾಕಿಸಿಕೊಳ್ಳಲಾಗುತ್ತದೆ, ಇದೇ ‘ಪ್ರಬೋಧನೆ’.

ಎರಡನೆಯದು ಆಭರಣ, ಅಂದರೆ ಐಡಿ ಕಾರ್ಡ್ ತೂಗುಹಾಕುವ ಕೊರಳಪಟ್ಟಿ. ಇದರ ಬಣ್ಣವೇ ಧರಿಸಿದವರು ಯಾವ ಲಿಫ್ಟ್ ಹತ್ತಬಹುದು, ಯಾವ ಮೇಜಿನಲ್ಲಿ ಕೂತು ಉಣ್ಣಬಹುದು, ಯಾವ ಮಹಡಿಯ ಶೌಚಾಲಯವನ್ನು ಬಳಸದೆ ಬರೀ ತೊಳೆಯಬಹುದು ಎಂಬುದನ್ನು ನಿರ್ಧರಿಸುತ್ತದೆ. ಊರು ಬಿಟ್ಟು ಬಂದವರಿಗೆ ಈ ವರ್ಣವ್ಯವಸ್ಥೆಯನ್ನು ಕಲಿಸಲು ಪ್ರತ್ಯೇಕ ತರಬೇತಿ ಬೇಕಾಗುವುದಿಲ್ಲವೆಂಬುದು ಕಂಪನಿಗೆ ದೊಡ್ಡ ಉಳಿತಾಯ. ಮೂರನೆಯದು ನೈವೇದ್ಯ ಪರೀಕ್ಷೆ: ಸಂಜೆ ಗೇಟಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಸಿ, ಬೆಳಗ್ಗೆ ಮುದ್ದೆ ಇದ್ದ ಜಾಗದಲ್ಲಿ ಈಗ ಏನೂ ಇಲ್ಲವೆಂದು ದೃಢಪಡಿಸಿಕೊಳ್ಳುವುದು. ಡಬ್ಬಿ ತೆರೆಸುವ ಸೆಕ್ಯೂರಿಟಿಯವನೂ ಅದೇ ಬಣ್ಣದ ಪಟ್ಟಿಯವನು; ಪಾಳಿ ಮುಗಿದ ಮೇಲೆ ಅವನ ಡಬ್ಬಿಯನ್ನು ಮತ್ತೊಬ್ಬ ತೆರೆಸುತ್ತಾನೆ.

ಉಳಿದ ಉಪಚಾರಗಳು ಹೆಚ್ಚಾಗಿ ಪವರ್‌ಪಾಯಿಂಟ್ ತುಂಬಿಸಲೆಂದು ಹುಟ್ಟಿಕೊಂಡವು, ಅವನ್ನು ಬಿಡಬಹುದು.

ಶಾಸ್ತ್ರಕ್ಕೆ ಕಾನೂನಿನ ಆಧಾರವೂ ಇದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯು ‘ಪ್ರಧಾನ ನಿಯೋಜಕ’ ಎಂಬವನನ್ನು ಸೃಷ್ಟಿಸಿ, ಅಂದರೆ ಕೆಲಸ ಯಾರ ಅಂಗಳದಲ್ಲಿ ನಡೆಯುತ್ತದೋ ಅವನನ್ನು ಗುರುತಿಸಿ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅದನ್ನು ಅವನೇ ಕೊಡಬೇಕೆಂದಿತು. 20 ಜನರಿದ್ದಲ್ಲಿ ಅನ್ವಯವಾಗುತ್ತಿದ್ದ ಈ ಕಟ್ಟಳೆಯ ಮಿತಿಯನ್ನು 2020ರ ಕಾರ್ಮಿಕ ಸುರಕ್ಷತಾ ಸಂಹಿತೆ 50ಕ್ಕೆ ಏರಿಸಿತಲ್ಲದೆ, ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಇಡಬಾರದೆನ್ನುತ್ತಲೇ, ಶುಚಿತ್ವ, ಕಾವಲು ಮತ್ತು ಕ್ಯಾಂಟೀನು ಸಾಮಾನ್ಯವಾಗಿ ಮುಖ್ಯ ಕೆಲಸವಲ್ಲವೆಂದಿತು. ಒಂದು ದಿನ ಶೌಚಾಲಯ ತೊಳೆಯದೆ ಬಿಟ್ಟರೆ ಯಾವುದು ಮುಖ್ಯ ಎಂಬುದು ಹನ್ನೊಂದು ಗಂಟೆಯೊಳಗೆ ಎಲ್ಲ ಬಣ್ಣದ ಪಟ್ಟಿಯವರಿಗೂ ತಿಳಿಯುತ್ತದೆ.

ಕೊನೆಯದು ವಿಸರ್ಜನೆ. ಟೆಂಡರು ಮುಗಿದು ಹೊಸ ವೆಂಡರ್ ಬಂದಾಗ ಮನುಷ್ಯರು ಅವರೇ ಉಳಿಯುತ್ತಾರೆ, ಸಮವಸ್ತ್ರದ ಬೆನ್ನ ಮೇಲಿನ ಹೆಸರು ಬದಲಾಗುತ್ತದೆ, ಸೇವೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷಗಳ ನಿರಂತರ ಸೇವೆಯ ಷರತ್ತು ಹಾಕಿತು. ಮೂರು ಮೂರು ವರ್ಷಕ್ಕೆ ವೆಂಡರ್ ಬದಲಾಯಿಸುವ ಕಟ್ಟಡದಲ್ಲಿ ಹದಿನೈದು ವರ್ಷ ಒಂದೇ ಮಹಡಿಯನ್ನು ಒರೆಸಿದವಳ ಲೆಕ್ಕವನ್ನು ಯಾವ ವೆಂಡರ್‌ನ ಪುಸ್ತಕದಲ್ಲೂ ಐದು ಮುಟ್ಟಲು ಬಿಡುವುದಿಲ್ಲ. ಇದನ್ನು ಆಕಸ್ಮಿಕವೆನ್ನುವವರು ಒಂದೋ ಮುಗ್ಧರು, ಇಲ್ಲವೇ ಟೆಂಡರು ಬರೆಯುವವರು.

ಅವಳು ಪ್ರತಿದಿನ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಒಳಬಂದಳೆಂಬುದು ಗೇಟಿನ ಯಂತ್ರಕ್ಕೆ ಗೊತ್ತು, ತಡವಾದರೆ ಸಂಬಳ ಹಿಡಿಯಲು ಆ ದಾಖಲೆ ಪರಮಪ್ರಮಾಣ; ಅವಳು ಅಲ್ಲಿದ್ದಳು ಎಂದು ಹೇಳಬೇಕಾದಾಗ ಮಾತ್ರ ಅದು ಯಾರಿಗೂ ಸಿಗುವುದಿಲ್ಲ. ಕೆಲಸ ಬಿಡುವವರಿಗೆ ಸೇವಾ ಪ್ರಮಾಣಪತ್ರ ಕೊಡಬೇಕೆಂದು ಗುತ್ತಿಗೆ ಕಾರ್ಮಿಕ ಕಾಯ್ದೆಯ 1971ರ ಕೇಂದ್ರ ನಿಯಮಗಳೇ ನಮೂನೆ ಸಮೇತ ಹೇಳಿದ್ದವು. ಯಂತ್ರದಲ್ಲಿರುವುದನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೈಗಿಡಲು ಹದಿನಾರು ಉಪಚಾರ ಬೇಕಿಲ್ಲ. ಆದರೆ ಆ ಹಾಳೆ ಹಿಡಿದು ಅವಳು ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಬಹುದು, ಆದ್ದರಿಂದ ಕಾರ್ಡನ್ನು ಮಾತ್ರ ಜ್ಞಾಪಕವಿಟ್ಟು ವಾಪಸು ಪಡೆಯುತ್ತಾರೆ, ಕಳೆದುಹೋಗಿದ್ದರೆ ಅದರ ಬೆಲೆಯನ್ನು ಕೊನೆಯ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.